ಆಯುಧ ಪೂಜೆಗೆ ಯಾವ ಮಿಷನ್ ತಂದಿರಿ? ಮರಗೆಲಸದವರೆಲ್ಲ ಬರೆಯಿರಿ

ಹಾಸನ_ಕೀಸುಳಿ

ಆಯುಧ ಪೂಜೆ ಮುಗಿಯಿತು. ಪೂಜೆ ನೆಪದಲ್ಲಿ ಹೊಸ ಮಿಷನ್ ತಂದವರು ಇಲ್ಲಿ ಸುಮಾರು ಜನ ಇರುತ್ತೀರಿ. ಏನು ತಗೊಂಡಿರಿ, ಯಾಕೆ ತಗೊಂಡಿರಿ, ಕೆಲಸಕ್ಕೆ ಹಾಕಿದ ಮೇಲೆ ಹೇಗಿದೆ ಅಂತ ಬರೆಯಿರಿ. ಪೆಟ್ಟಿಗೆ ಬಿಚ್ಚಿದ ಫೋಟೋಗಿಂತ ನಾಲ್ಕು ಹಲಗೆ ಕೊಯ್ದ ಮೇಲಿನ ಮಾತು ನಮಗೆ ಜಾಸ್ತಿ ಉಪಯೋಗ.

ನನ್ನದು ಮಕೀಟಾ ಎಸ್‌ಪಿ 6000 ಪ್ಲಂಜ್ ಗರಗಸ, ಅಂದರೆ ಬ್ಲೇಡನ್ನು ಮೇಲಿನಿಂದ ಹಲಗೆಯೊಳಗೆ ಇಳಿಸಿ ಕೊಯ್ಯುವ ಕೈ ಗರಗಸ. ಜೊತೆಗೆ 1.4 ಮೀಟರಿನ ಎರಡು ಗೈಡ್ ರೈಲು. 1300 ವ್ಯಾಟ್, 165 ಮಿ.ಮೀ. ಬ್ಲೇಡು. ನಮ್ಮದು ಸಣ್ಣ ಅಂಗಡಿ, ಮಂಚ, ಬಾಗಿಲು, ವಾರ್ಡ್‌ರೋಬು ಮಾಡುತ್ತೇವೆ. 8×4 ಅಡಿ ಪ್ಲೈವುಡ್ಡನ್ನು ಟೇಬಲ್ ಗರಗಸದ ಮೇಲೆ ತಳ್ಳಬೇಕಾದರೆ ಇಬ್ಬರು ಬೇಕು, ಆಚೆ ಈಚೆ ಜಾಗವೂ ಬೇಕು. ಇದರಲ್ಲಿ ಹಲಗೆ ಮಲಗಿದ ಕಡೆಯೇ ಇರುತ್ತದೆ, ಗರಗಸ ಅದರ ಮೇಲೆ ಓಡುತ್ತದೆ. 4 ಅಡಿ ಕೊಯ್ಯಲು ಒಂದು ರೈಲು ಸಾಕು. 8 ಅಡಿ ಉದ್ದಕ್ಕೆ ಎರಡನ್ನೂ ಜೋಡಿಸಬೇಕು, ಜೋಡಿಸಿದ ಮೇಲೆ ನೇರ ಇದೆಯಾ ಅಂತ ಉದ್ದದ ಪಟ್ಟಿ ಇಟ್ಟು ನೋಡಿಕೊಂಡೇ ಮುಂದುವರಿಯಬೇಕು.

ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ವಿಷಯ. ಮೊದಲು 2-3 ಮಿ.ಮೀ. ಆಳಕ್ಕೆ ಮಾತ್ರ ಗೀರು ಹಾಕಲು ಇದರಲ್ಲಿ ಒಂದು ಲಾಕ್ ಇದೆ. ಒಂದು ಸಲ ಗೀರಿ, ಎರಡನೇ ಸಲ ಪೂರ್ತಿ ಕೊಯ್ದರೆ ಸನ್ಮೈಕಾ ಅಂಚು ಚಕ್ಕೆ ಏಳುವುದಿಲ್ಲ.

ಮಿತಿಯೂ ಹೇಳಬೇಕು. ಕೊಯ್ಯುವ ಆಳ 56 ಮಿ.ಮೀ. ಮಾತ್ರ, ರೈಲು ಇಟ್ಟರೆ ಅದಕ್ಕಿಂತ ಸ್ವಲ್ಪ ಕಡಿಮೆ. 5×3 ಇಂಚಿನ ಬಾಗಿಲು ಚೌಕಟ್ಟಿನ ತುಂಡನ್ನು ಒಂದೇ ಸಲಕ್ಕೆ ಕತ್ತರಿಸಲು ಆಗುವುದಿಲ್ಲ, ತಿರುಗಿಸಿ ಎರಡು ಕಡೆಯಿಂದ ಕೊಯ್ಯಬೇಕು. ಪ್ಲೈವುಡ್ ಕೆಲಸ ಜಾಸ್ತಿ ಇರುವವರಿಗೆ ಇದು ಸರಿ. ಬರೀ ಗಟ್ಟಿ ಮರದ ಕೆಲಸದವರು ಯೋಚನೆ ಮಾಡಿ ತಗೊಳ್ಳಿ.

ಸೈಟ್_ಮೇಸ್ತ್ರಿ_ಬೆಂಗಳೂರು

ಅಣ್ಣ, ಒಳ್ಳೆಯ ಮಿಷನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಸೈಟಿನ ಲೆಕ್ಕವೇ ಬೇರೆ. ಇಂಟೀರಿಯರ್ ಗುತ್ತಿಗೆಯಲ್ಲಿ ಹುಡುಗರು ಹಿಡಿಯುವುದು 4 ಇಂಚಿನ ಮಾರ್ಬಲ್ ಕಟ್ಟರ್. ಅದಕ್ಕೆ 110 ಮಿ.ಮೀ. ಮರದ ಬ್ಲೇಡು ಹಾಕಿ, ಪ್ಲೈವುಡ್ಡಿನ ಮೇಜಿಗೆ ತಲೆಕೆಳಗು ಮಾಡಿ ಬಿಗಿದರೆ ಅದೇ ಟೇಬಲ್ ಗರಗಸ. ನೀವು ರೈಲಿಗೆ ಕೊಟ್ಟ ದುಡ್ಡಿನಲ್ಲಿ ಎರಡು ಕಟ್ಟರ್ ಬರುತ್ತದೆ. ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಬ್ಲೇಡು ಸಿಗುತ್ತದೆ, ಎಲ್ಲಿ ಬೇಕಾದರೂ ರಿಪೇರಿ ಆಗುತ್ತದೆ. ಸೈಟಿನಲ್ಲಿ ಕಳುವಾಗುವ ಭಯವೂ ಇರುತ್ತದೆ. ನಾನು ಈ ಸಲ ತಂದಿದ್ದು ಒಂದು ಟ್ರಿಮ್ಮರ್ (ಹಲಗೆಯ ಅಂಚು ಸವರುವ ಸಣ್ಣ ರೌಟರ್), ಒಂದು ಬ್ಯಾಟರಿ ಡ್ರಿಲ್ಲು, ಅಷ್ಟೇ.

ತುಮಕೂರು_ವೈಂಡಿಂಗ್

ಮೇಸ್ತ್ರಿಗಳೇ, ನನ್ನದು ರಿಪೇರಿ ಅಂಗಡಿ. ನಿಮ್ಮ ಲೆಕ್ಕ ನನಗೆ ಅರ್ಥವಾಗುತ್ತದೆ. ಕಟ್ಟರ್ ಅಗ್ಗ, ಗಟ್ಟಿ, ರಿಪೇರಿ ಸುಲಭ, ಒಪ್ಪಿದೆ. ಆದರೆ ತಲೆಕೆಳಗು ಮೇಜಿನ ವಿಷಯದಲ್ಲಿ ನಾನು ಸುಮ್ನೆ ಇರಲಾರೆ.

ಆ ಮಿಷನ್ ಮಾಡಿರುವುದು ಕಲ್ಲಿಗೆ. ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತದೆ. ಮೊದಲು ನಿಮ್ಮ ಮರದ ಬ್ಲೇಡಿನ ಮೇಲೆ ಎಷ್ಟು ಸುತ್ತಿನವರೆಗೆ ಅಂತ ಬರೆದಿದೆ ನೋಡಿ. ಮಿಷನ್ನಿನ ವೇಗ ಅದಕ್ಕಿಂತ ಜಾಸ್ತಿ ಇದ್ದರೆ ಆ ಬ್ಲೇಡನ್ನು ಹಾಕಲೇಬಾರದು. ಕಾರ್ಬೈಡ್ ಹಲ್ಲು ಒಂದು ಹಾರಿದರೂ ಕಣ್ಣಿಗೇ ಬರುತ್ತದೆ.

ಎರಡನೆಯದು ಕಿಕ್‌ಬ್ಯಾಕ್. ಮರ ಕೊಯ್ಯುತ್ತಾ ಹೋದ ಹಾಗೆ ಒಳಗಿನ ಬಿಗಿತ ಬಿಟ್ಟು ಕೊಯ್ದ ಸಂದು ಮುಚ್ಚಿಕೊಳ್ಳುತ್ತದೆ. ಆಗ ಬ್ಲೇಡಿನ ಹಿಂಭಾಗದ ಹಲ್ಲುಗಳು ಮರವನ್ನು ಕಚ್ಚುತ್ತವೆ. ಹಿಂದಿನ ಹಲ್ಲು ತಿರುಗುವುದು ಮೇಲ್ಮುಖವಾಗಿ, ಹಾಗಾಗಿ ಹಲಗೆ ಎದ್ದು ಎದುರಿಗೆ ನಿಂತವರ ಹೊಟ್ಟೆಗೆ ಹಾರುತ್ತದೆ, ತಳ್ಳುತ್ತಿದ್ದ ಕೈ ಬ್ಲೇಡಿನ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲಿಕ್ಕೇ ಸರಿಯಾದ ಟೇಬಲ್ ಗರಗಸದಲ್ಲಿ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಅಂತ ಒಂದು ತೆಳು ಉಕ್ಕಿನ ರೆಕ್ಕೆ ಇರುತ್ತದೆ. ಸಂದು ಮುಚ್ಚದ ಹಾಗೆ ಅದು ತಡೆಯುತ್ತದೆ. ತಲೆಕೆಳಗು ಕಟ್ಟರ್‌ನಲ್ಲಿ ಅದೂ ಇಲ್ಲ, ಮೇಲಿನ ಗಾರ್ಡೂ ಇಲ್ಲ. ಸ್ವಿಚ್ಚನ್ನು ಆನ್‌ನಲ್ಲೇ ಲಾಕ್ ಮಾಡಿರುತ್ತಾರೆ, ನಿಲ್ಲಿಸಬೇಕೆಂದರೆ ಗೋಡೆಯ ಪ್ಲಗ್ಗಿಗೆ ಓಡಬೇಕು. ನನ್ನ ಅಂಗಡಿಗೆ ಮಿಷನ್ ಹಿಡಿದು ಬರುವ ಹುಡುಗರಲ್ಲಿ ಬೆರಳು ಮೊಂಡಾದವರನ್ನು ನೋಡಿದ್ದೇನೆ. ವಯಸ್ಸು ಇಪ್ಪತ್ತೈದು ದಾಟಿರುವುದಿಲ್ಲ. ದಯವಿಟ್ಟು ನಿಮ್ಮ ಹುಡುಗರಿಗೆ ಒಂದು ಸರಿಯಾದ ಗರಗಸ ಕೊಡಿಸಿ.

ಸೈಟ್_ಮೇಸ್ತ್ರಿ_ಬೆಂಗಳೂರು

ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ದಿನಗೂಲಿ ಹುಡುಗ ತನ್ನ ಟೂಲು ತಾನೇ ತರುತ್ತಾನೆ. ಅವನಿಗೆ ಯಾರು ಕೊಡಿಸಬೇಕು ಅನ್ನುವುದು ದೊಡ್ಡ ಪ್ರಶ್ನೆ.

ಹುಬ್ಬಳ್ಳಿ_ಫರ್ನಿಚರ್

ಅದಕ್ಕ ಒಂದು ದಾರಿ ಐತಿ ನೋಡ್ರಿ, ಹೇಳುತ್ತೇನೆ. ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರಿನಲ್ಲಿ ಶುರುವಾಯಿತು. 18 ಕಸುಬುಗಳಿವೆ, ಅದರಲ್ಲಿ ಬಡಗಿ ಕೆಲಸವೂ ಇದೆ. ಕೆಲವು ದಿನದ ತರಬೇತಿ ಕೊಡುತ್ತಾರೆ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ. ಟೂಲ್‌ಕಿಟ್‌ಗೆ 15,000 ರೂಪಾಯಿವರೆಗೆ ಇ-ವೋಚರ್ ಇದೆ. ಇನ್ನೂ ಮುಖ್ಯವಾದದ್ದು ಸಾಲ. ಅಡಮಾನ ಇಲ್ಲದೆ ಮೊದಲ ಕಂತು 1 ಲಕ್ಷದವರೆಗೆ, 18 ತಿಂಗಳಲ್ಲಿ ತೀರಿಸಬೇಕು. ತೀರಿಸಿದವರಿಗೆ ಎರಡನೇ ಕಂತು 2 ಲಕ್ಷದವರೆಗೆ, 30 ತಿಂಗಳು. ಬಡ್ಡಿ 5%. ಮನೆಗೆ ಒಬ್ಬರಿಗೆ ಮಾತ್ರ. ಕಾಮನ್ ಸರ್ವಿಸ್ ಸೆಂಟರಿನಲ್ಲಿ ಅರ್ಜಿ ಹಾಕಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಒಯ್ಯಿರಿ.

ನಮ್ಮ ಅಂಗಡಿಯ ಇಬ್ಬರು ಹುಡುಗರ ಅರ್ಜಿ ನಾನೇ ಕುಂತು ತುಂಬಿಸಿದೆ. ಮೇಸ್ತ್ರಿಗಳೇ, ನೀವೂ ಒಂದು ಭಾನುವಾರ ನಿಮ್ಮ ಹುಡುಗರನ್ನು ಕರೆದುಕೊಂಡು ಹೋಗ್ರಿ. ಅವರಿಗೆ ಮೊಬೈಲ್ ಇದೆ, ಆದರೆ ಅರ್ಜಿ ತುಂಬುವುದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು.

ಬಾಲ್ಕನಿ_ಬಡಗಿ

ನಾನು ಕಸುಬಿನವಳಲ್ಲ, ಬಿಡುವಿನಲ್ಲಿ ಮಾಡುವವಳು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯೇ ವರ್ಕ್‌ಶಾಪ್. ಈ ಸಲ 125 ಮಿ.ಮೀ. ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್ ತಂದೆ, ಜೊತೆಗೊಂದು ವ್ಯಾಕ್ಯೂಮ್. ಸ್ಯಾಂಡರ್‌ಗಿಂತ ವ್ಯಾಕ್ಯೂಮ್‌ಗೇ ಜಾಸ್ತಿ ದುಡ್ಡು ಆಯಿತು. ಮನೆಯವರು ಯಾಕೆ ಅಂತ ಕೇಳಿದರು. ಅವರಿಗೆ ಕೊಟ್ಟ ಉತ್ತರ ಇಲ್ಲೂ ಬರೆಯುತ್ತೇನೆ.

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಒಂದನೇ ಗುಂಪಿಗೆ ಸೇರಿಸಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪು. ಮೂಗಿನ ಒಳಭಾಗದ ಕ್ಯಾನ್ಸರ್ ಮುಖ್ಯವಾದದ್ದು. ಕಣ್ಣಿಗೆ ಕಾಣುವ ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ. ಸ್ಯಾಂಡರ್ ಎಬ್ಬಿಸುವ ನುಣ್ಣನೆ ಧೂಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಶ್ವಾಸಕೋಶದವರೆಗೂ ಹೋಗುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಆದರೆ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಬೇರೆ. ಮಿಷನ್ ಜೊತೆ ಬರುವ ಬಟ್ಟೆ ಚೀಲದಲ್ಲಿ ದಪ್ಪ ಹೊಟ್ಟು ಮಾತ್ರ ನಿಲ್ಲುತ್ತದೆ. ಪ್ಯಾಡಿನ ತೂತು, ಕಾಗದದ ತೂತು ಒಂದರ ಮೇಲೊಂದು ಸರಿಯಾಗಿ ಕೂರಿಸಿ, ವ್ಯಾಕ್ಯೂಮ್ ಪೈಪ್ ಹಾಕಿ, ಮುಖಕ್ಕೆ ಎನ್95 ಕಟ್ಟಿಕೊಂಡರೆ ಬಾಲ್ಕನಿಯಲ್ಲೂ ಕೆಲಸ ಮಾಡಬಹುದು. ಪಕ್ಕದ ಮನೆಯವರ ಬಟ್ಟೆಯ ಮೇಲೂ ಧೂಳು ಕೂರುವುದಿಲ್ಲ.

ಕಾಗದ 80ರಿಂದ ಶುರು ಮಾಡಿ 120, 180 ಅಂತ ಹೋಗುತ್ತೇನೆ. ನಡುವಿನದನ್ನು ಬಿಟ್ಟು ಹಾರಿದರೆ ಪಾಲಿಶ್ ಹಚ್ಚಿದ ಮೇಲೆ ಸುರುಳಿ ಗೀರು ಎದ್ದು ಕಾಣುತ್ತದೆ.

ಉಡುಪಿ_ಹಲಸು

ಅಕ್ಕ, ಧೂಳಿನ ಮಾತು ಬರೆದದ್ದು ಬಹಳ ಒಳ್ಳೆಯದಾಯಿತು. ನಮ್ಮಲ್ಲಿ ಹಲಸು, ಹೆಬ್ಬಲಸಿನ ಕೆಲಸ ಜಾಸ್ತಿ. ಸಂಜೆ ಮೂಗು ಸೀನಿದರೆ ಹಳದಿ. ಎಲ್ಲರೂ ಅದು ಮಾಮೂಲು ಅಂತ ಬಿಟ್ಟುಬಿಡುತ್ತಾರೆ.

ನಾನು ತಗೊಂಡದ್ದು ಮಕೀಟಾ 1900ಬಿ ಪ್ಲೇನರ್, ಅಂದರೆ ಕರೆಂಟಿನ ಕೀಸುಳಿ. 82 ಮಿ.ಮೀ. ಅಗಲ, 580 ವ್ಯಾಟ್, ಒಂದು ಸಲಕ್ಕೆ ಹೆಚ್ಚೆಂದರೆ 1 ಮಿ.ಮೀ. ತೆಗೆಯುತ್ತದೆ. ಹಳೇ ಮಾಡೆಲ್, ಹೊಸತನ ಏನೂ ಇಲ್ಲ ಮಾರಾಯ್ರೆ, ಅದಕ್ಕೇ ತಗೊಂಡೆ. ಬ್ಲೇಡು, ಬೆಲ್ಟು, ಬ್ರಷ್ಷು ಎಲ್ಲ ಉಡುಪಿಯಲ್ಲೇ ಸಿಗುತ್ತದೆ. ಇದಕ್ಕೂ ಮೊದಲು ನನ್ನ ಹತ್ತಿರ ಬೇರೆ ಒಂದು ಕಂಪನಿಯ ಪ್ಲೇನರ್ ಇತ್ತು, ಹೆಸರು ಬೇಡ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಆದರೆ ಬೆಲ್ಟು ತುಂಡಾದ ಮೇಲೆ ಒಂದು ಬೆಲ್ಟಿಗೆ ಇಡೀ ಮಳೆಗಾಲ ಕಾಯಬೇಕಾಯಿತು. ಈಗ ಅಂಗಡಿಗೆ ಹೋದರೆ ಮಿಷನ್ ನೋಡುವ ಮೊದಲು ಇದರ ಕಾರ್ಬನ್ ಬ್ರಷ್ ಇದೆಯಾ, ಬೆಲ್ಟ್ ಇದೆಯಾ, ಈಗಲೇ ಕೊಡುತ್ತೀರಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಆ ಮಿಷನ್ ಬೇಡ.

ಹಲಸಿಗೆ ಎಳೆ ನೋಡಿ ಓಡಿಸಬೇಕು. ಎಳೆ ಮೇಲೇಳುವ ದಿಕ್ಕಿಗೆ ಎದುರಾಗಿ ಹೋದರೆ ಕಿತ್ತು ಬರುತ್ತದೆ. ಕೊನೆಯ ಎರಡು ಸಲ ಅರ್ಧ ಮಿ.ಮೀ.ಗಿಂತ ಕಡಿಮೆ ಇಟ್ಟು, ಆಮೇಲೆ ಕೈ ಕೀಸುಳಿಯಲ್ಲಿ ಮುಗಿಸಿದರೆ ಕನ್ನಡಿ.

ಸಾಗರ_ಮರಗೆಲಸ

ನಾನು ಈ ವರ್ಷ ಪೂರ್ತಿ ಬ್ಯಾಟರಿ ಮಿಷನ್ನಿಗೆ ಬದಲಾದೆ. 18 ವೋಲ್ಟಿನ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ಜಿಗ್ ಸಾ, ಸಣ್ಣ ಗರಗಸ, ಎಲ್ಲ ಒಂದೇ ಕಂಪನಿಯದು, ಒಂದೇ ಬ್ಯಾಟರಿ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಹೇಳಲು ಆಗುವುದಿಲ್ಲ. ಗಿರಾಕಿ ಮನೆ ತೋಟದೊಳಗೆ ಇರುತ್ತದೆ, ಒದ್ದೆ ಅಂಗಳದಲ್ಲಿ ವೈರು ಎಳೆಯುವುದೇ ಅಪಾಯ. ಬ್ಯಾಟರಿ ಬಂದ ಮೇಲೆ ಕೆಲಸ ನಿಂತಿಲ್ಲ.

ತುಮಕೂರು_ವೈಂಡಿಂಗ್

ಸಾಗರದವರೇ, ಡ್ರಿಲ್ಲು, ಡ್ರೈವರ್, ಜಿಗ್ ಸಾ ಸರಿ. ಗರಗಸ ಮತ್ತು ಪ್ಲೇನರ್‌ಗೆ ಬ್ಯಾಟರಿ ಅಂದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಒಂದು ಸಣ್ಣ ಲೆಕ್ಕ ಹಾಕಿ. 18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್ ಅವರ್. ಹಾಸನದವರ 1300 ವ್ಯಾಟ್ ಗರಗಸ ಪೂರ್ತಿ ಲೋಡಿನಲ್ಲಿ ಎಳೆಯುವಷ್ಟು ಕರೆಂಟನ್ನು ಇದರಿಂದ ಎಳೆದರೆ ನಾಲ್ಕು ನಿಮಿಷಕ್ಕೆ ಖಾಲಿ. ಪೂರ್ತಿ ಲೋಡು ಯಾವಾಗಲೂ ಇರುವುದಿಲ್ಲ ನಿಜ, ಬ್ರಷ್‌ಲೆಸ್ ಮೋಟರು ಕಡಿಮೆ ಕುಡಿಯುತ್ತದೆ ಅದೂ ನಿಜ. ಆದರೂ ದಿನವಿಡೀ ಮತ್ತಿ, ಹೊನ್ನೆ ಹಲಗೆ ಸೀಳುವ ಕೆಲಸ ಇದ್ದರೆ ವೈರಿನ ಮಿಷನ್ನೇ ಬೇಕು. ಜಾಸ್ತಿ ಎಳೆದರೆ ಬ್ಯಾಟರಿ ಬಿಸಿಯಾಗುತ್ತದೆ, ಬಿಸಿಯಾದ ಬ್ಯಾಟರಿ ಬೇಗ ಹಳತಾಗುತ್ತದೆ. ಇನ್ನು ದುಡ್ಡು ಇರುವುದು ಬ್ಯಾಟರಿಯಲ್ಲೇ. ಬರೀ ಮಿಷನ್ನಿನ ರೇಟು ನೋಡಿ ಖುಷಿಪಡಬೇಡಿ, ಎರಡು ಬ್ಯಾಟರಿ, ಚಾರ್ಜರ್ ಸೇರಿಸಿ ನೋಡಿ.

ಸಾಗರ_ಮರಗೆಲಸ

ಲೆಕ್ಕ ಒಪ್ಪಿದೆ. ದೊಡ್ಡ ಸೀಳುವಿಕೆಗೆ ನಾನೂ ಮಿಲ್ಲಿಗೇ ಕೊಡುತ್ತೇನೆ. ಅಲ್ಲಿ ಮೊದಲೇ ಸೈಜು ಮಾಡಿಸಿಕೊಂಡು ಬಂದರೆ ಗಿರಾಕಿ ಮನೆಯಲ್ಲಿ ಉಳಿಯುವುದು ತುದಿ ಕತ್ತರಿಸುವುದು, ತೂತು, ಸ್ಕ್ರೂ. ಅಷ್ಟಕ್ಕೆ ಬ್ಯಾಟರಿ ಧಾರಾಳ ಆಯಿತು. ಕೆಲಸದ ರೀತಿ ನೋಡಿ ಮಿಷನ್ ತಗೋಬೇಕು, ಅಲ್ವಾ?

ಒಂದು ಸಂಶಯ. ಕೆಲವು ಕಂಪನಿ 18 ವೋಲ್ಟ್ ಅನ್ನುತ್ತವೆ, ಕೆಲವು 20 ವೋಲ್ಟ್ ಮ್ಯಾಕ್ಸ್ ಅನ್ನುತ್ತವೆ. 20ರಲ್ಲಿ ಬಲ ಜಾಸ್ತಿಯಾ?

ಟೆಕ್ಸಾಸ್_ಗರಾಜ್

ನಮಸ್ಕಾರ, ನಾನು ಮಂಡ್ಯ ಕಡೆಯವನು, ಈಗ ಟೆಕ್ಸಾಸಿನಲ್ಲಿದ್ದೇನೆ. ಇದಕ್ಕೆ ಉತ್ತರ ನಾನು ಹೇಳುತ್ತೇನೆ. ಎರಡೂ ಒಂದೇ. ಒಳಗೆ ಐದು ಲಿಥಿಯಂ ಸೆಲ್ಲು ಸಾಲಾಗಿ ಇರುತ್ತವೆ. ಒಂದೊಂದು 3.6 ವೋಲ್ಟ್ ಅಂತ ಲೆಕ್ಕ ಹಾಕಿದರೆ 18. ಆಗ ತಾನೇ ಚಾರ್ಜ್ ಮಾಡಿ ತೆಗೆದಾಗ ಒಂದೊಂದು 4 ವೋಲ್ಟಿನ ಮೇಲಿರುತ್ತದೆ, ಅದನ್ನೇ 20 ಮ್ಯಾಕ್ಸ್ ಅಂತ ಬರೆಯುತ್ತಾರೆ. ಡಿವಾಲ್ಟ್ ಇಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುತ್ತದೆ, ಯುರೋಪಿನಲ್ಲಿ ಅದೇ ಸಾಲು 18 ವೋಲ್ಟ್ ಎಕ್ಸ್‌ಆರ್.

ಊರಿಗೆ ಬರುವಾಗ ಟೂಲು ತನ್ನಿ ಅಂತ ತುಂಬಾ ಜನ ಕೇಳುತ್ತಾರೆ. ಅವರಿಗಾಗಿ ನಾಲ್ಕು ಮಾತು. ಇಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಜ್. ವೈರಿನ ಮಿಷನ್ನನ್ನು ನಮ್ಮೂರಿನ 230 ವೋಲ್ಟಿಗೆ ನೇರ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ 1800 ವ್ಯಾಟಿನ ಗರಗಸಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಹೊತ್ತು ತಿರುಗುವುದು ಕಷ್ಟ. ಇಂಡಕ್ಷನ್ ಮೋಟರಿನ ಮಿಷನ್ ಆದರೆ ಟ್ರಾನ್ಸ್‌ಫಾರ್ಮರ್ ಹಾಕಿದರೂ ನಮ್ಮೂರಿನ 50 ಹರ್ಟ್ಜ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲೇ ತಿರುಗುತ್ತದೆ. ಹಾಗಾಗಿ ವೈರಿನದು ತರಿಸಲೇಬೇಡಿ.

ಬ್ಯಾಟರಿ ಟೂಲಿನ ಮೈ ತರಬಹುದು. ಬ್ಯಾಟರಿಯನ್ನು ಮಾತ್ರ ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಿಡಿಯಾಗಿ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಅಥವಾ ಮುಚ್ಚಳ ಹಾಕಿರಬೇಕು. 100 ವ್ಯಾಟ್ ಅವರ್ ಒಳಗಿದ್ದರೆ ವಿಮಾನ ಕಂಪನಿಯ ಅನುಮತಿ ಬೇಕಿಲ್ಲ, 5 ಆಂಪಿಯರ್ ಅವರಿನದು 90 ಆಗುವುದರಿಂದ ನಡೆಯುತ್ತದೆ. 6 ಆಂಪಿಯರ್ ಅವರಿನದು 108 ಆಗುತ್ತದೆ, ಅದಕ್ಕೆ ಮೊದಲೇ ಅನುಮತಿ ಕೇಳಬೇಕು. ಚಾರ್ಜರ್ ಹಿಂದೆ 120 ಮಾತ್ರ ಅಂತ ಬರೆದಿದ್ದರೆ ಅದನ್ನು ಇಲ್ಲೇ ಬಿಟ್ಟು ಊರಿನಲ್ಲೇ ಒಂದು ತಗೊಳ್ಳುವುದು ಒಳ್ಳೆಯದು. ವಾರಂಟಿ ಅಲ್ಲಿ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ.

ನಾನು ಈ ವರ್ಷ ತಂದದ್ದು ಸಾಸ್ಟಾಪ್ ಟೇಬಲ್ ಗರಗಸ. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಇರುತ್ತದೆ. ಚರ್ಮ ತಗುಲಿದರೆ ಆ ಸಂಕೇತ ಬದಲಾಗುತ್ತದೆ. ಕೂಡಲೇ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ನುಗ್ಗಿ 5 ಮಿಲಿ ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಬ್ರೇಕು ಕೆಲಸ ಮಾಡಿದ ಮೇಲೆ ಆ ಬ್ರೇಕೂ ಬ್ಲೇಡೂ ಎರಡೂ ಹೊಸದು ಬೇಕು. ಒದ್ದೆ ಮರ ಕೊಯ್ದರೂ ಬ್ರೇಕ್ ಬೀಳಬಹುದು. ತುಮಕೂರಿನವರು ಬರೆದದ್ದು ಓದಿದಾಗ ಇಂಥದ್ದು ನಮ್ಮೂರಿನ ಹುಡುಗರ ಕೈಗೆಟಕುವ ಬೆಲೆಗೆ ಬರಬೇಕು ಅಂತ ಬಹಳ ಅನಿಸಿತು.

ಚನ್ನಪಟ್ಟಣ_ಆಲೆಮರ

ನಮ್ಮ ಕಡೆಯ ಖರೀದಿಯೂ ಕೇಳಿ. ನಾವು ಬೊಂಬೆ ಕೆಲಸದವರು. ಹೊಸ ಲೇತ್ ತರಲಿಲ್ಲ, ಹಳೇ ಲೇತಿಗೆ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಪೆಟ್ಟಿಗೆ) ಮತ್ತು 1 ಎಚ್‌ಪಿ ತ್ರೀ ಫೇಸ್ ಮೋಟರು ಹಾಕಿಸಿದೆವು. ಮನೆಯ ಸಿಂಗಲ್ ಫೇಸ್ ಕರೆಂಟು ಒಳಗೆ ಹೋಗಿ ತ್ರೀ ಫೇಸ್ ಆಗಿ ಹೊರಗೆ ಬರುತ್ತದೆ, ವೇಗವನ್ನು ಒಂದು ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಮೋಟರಿನ ಪ್ಲೇಟಿನಲ್ಲಿ 230/415 ಅಂತ ಇರಬೇಕು, ಡೆಲ್ಟಾ ಕನೆಕ್ಷನ್ ಮಾಡಿಸಬೇಕು. ಬರೀ 415 ಇದ್ದರೆ ಬಲ ಬರುವುದಿಲ್ಲ.

ನಮಗೆ ವೇಗ ಯಾಕೆ ಮುಖ್ಯ ಅಂದರೆ ಅರಗಿನ ಬಣ್ಣ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ನಿಧಾನ ಆದರೆ ಅರಗು ಗಂಟುಗಂಟಾಗಿ ನಿಲ್ಲುತ್ತದೆ, ವೇಗ ಜಾಸ್ತಿಯಾದರೆ ಬಣ್ಣ ಕಪ್ಪಾಗುತ್ತದೆ. ಸಣ್ಣ ಮಣಿಗೆ ಒಂದು ವೇಗ, ದಪ್ಪ ಬಟ್ಟಲಿಗೆ ಇನ್ನೊಂದು. ಮೊದಲು ಬೆಲ್ಟನ್ನು ಪುಲ್ಲಿಯಿಂದ ಪುಲ್ಲಿಗೆ ಬದಲಿಸುತ್ತಾ ಕೂರಬೇಕಿತ್ತು. ಈಗ ಕೆತ್ತುವಾಗ ಜೋರು, ಅರಗು ಹಚ್ಚುವಾಗ ಬೇಕಾದಷ್ಟು, ತಾಳೆಗರಿಯಿಂದ ಉಜ್ಜಿ ಹೊಳಪು ತರುವಾಗ ಇನ್ನೊಂದು. ಎಲ್ಲವೂ ಕುಳಿತಲ್ಲೇ ಆಗುತ್ತದೆ. ನಮ್ಮ ಅಮ್ಮನೂ ಅದೇ ಲೇತಿನಲ್ಲಿ ಕೆಲಸ ಮಾಡುತ್ತಾರೆ, ಅವರಿಗೆ ಹಿಡಿಸಿದ್ದು ನಿಧಾನವಾಗಿ ಶುರುವಾಗುವುದು. ಮೊದಲಿನ ಹಾಗೆ ಜರ್ಕ್ ಹೊಡೆಯುವುದಿಲ್ಲ.

ಸೈಟ್_ಮೇಸ್ತ್ರಿ_ಬೆಂಗಳೂರು

ಟ್ರಿಮ್ಮರ್ ವಿಷಯ ಕೇಳಬೇಕಿತ್ತು. ಹೊಸ ಬಿಟ್ ಹಾಕಿದರೆ ಕೊಯ್ಯುತ್ತಾ ಕೊಯ್ಯುತ್ತಾ ಕೆಳಗೆ ಇಳಿಯುತ್ತಿದೆ. ಎಷ್ಟು ಬಿಗಿದರೂ ಅಷ್ಟೇ. ಮಿಷನ್ ದೋಷವೇ?

ತುಮಕೂರು_ವೈಂಡಿಂಗ್

ಮಿಷನ್ ದೋಷ ಇರಲಿಕ್ಕಿಲ್ಲ. ವರ್ನಿಯರ್ ಹಿಡಿದು ಬಿಟ್ಟಿನ ದಂಡ ಅಳೆಯಿರಿ. ಮಾರುಕಟ್ಟೆಯಲ್ಲಿ 6 ಮಿ.ಮೀ. ದಂಡವೂ ಇದೆ, ಕಾಲಿಂಚಿನ ದಂಡವೂ ಇದೆ. ಕಾಲಿಂಚು ಅಂದರೆ 6.35. ಕಣ್ಣಿಗೆ ಎರಡೂ ಒಂದೇ. 6.35ರ ಕಾಲೆಟ್ಟಿಗೆ (ಬಿಟ್ಟನ್ನು ಕಚ್ಚಿ ಹಿಡಿಯುವ ಕೊಳವೆ) 6ರ ಬಿಟ್ ಹಾಕಿದರೆ ಬಿಗಿ ಹಿಡಿದ ಹಾಗೆ ಅನಿಸುತ್ತದೆ, ನಿಮಿಷಕ್ಕೆ 30 ಸಾವಿರ ಸುತ್ತಿಗೆ ಜಾರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಹೊರಗೇ ಹಾರುತ್ತದೆ. ಅಳತೆಗೆ ಸರಿಯಾದ ಕಾಲೆಟ್ ಬೇರೆ ಸಿಗುತ್ತದೆ, ಬೆಲೆ ಕಡಿಮೆ, ಎರಡೂ ಇಟ್ಟುಕೊಳ್ಳಿ. ದೊಡ್ಡ ರೌಟರಿನಲ್ಲಿ 12 ಮತ್ತು 12.7ರ ನಡುವೆಯೂ ಇದೇ ತೊಂದರೆ. ಇನ್ನೊಂದು, ಬಿಟ್ಟನ್ನು ತಳ ಮುಟ್ಟುವವರೆಗೆ ತುರುಕಿ ಬಿಗಿಯಬೇಡಿ. ತಳ ಮುಟ್ಟಿಸಿ, ಎರಡು ಮಿ.ಮೀ. ಮೇಲೆತ್ತಿ, ಆಮೇಲೆ ಬಿಗಿಯಿರಿ.

ಬಾಲ್ಕನಿ_ಬಡಗಿ

ಅಣ್ಣ, ಟ್ರಿಮ್ಮರ್ ಯಾವ ದಿಕ್ಕಿಗೆ ಓಡಿಸಬೇಕು ಅಂತಲೂ ಹೇಳಿಬಿಡಿ, ಹೊಸಬರು ಓದುತ್ತಿರುತ್ತಾರೆ.

ತುಮಕೂರು_ವೈಂಡಿಂಗ್

ಮಿಷನ್ ಕೈಯಲ್ಲಿ ಹಿಡಿದು ಹಲಗೆಯ ಹೊರ ಅಂಚಿಗೆ ಓಡಿಸುವಾಗ, ಅಂಚಿಗೆ ಮುಖ ಮಾಡಿ ನಿಂತರೆ ಎಡದಿಂದ ಬಲಕ್ಕೆ. ಸುತ್ತಲೂ ಬರುವುದಾದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಒಳಗಿನ ಕಿಂಡಿಯ ಅಂಚಿಗೆ ಇದರ ತದ್ವಿರುದ್ಧ. ಹೀಗೆ ಓಡಿಸಿದರೆ ಬಿಟ್ಟು ನಿಮ್ಮನ್ನು ತಡೆಯುತ್ತದೆ, ಹಿಡಿತ ನಿಮ್ಮಲ್ಲಿರುತ್ತದೆ. ಉಲ್ಟಾ ಓಡಿಸಿದರೆ ಮಿಷನ್ನೇ ನಿಮ್ಮನ್ನು ಎಳೆದುಕೊಂಡು ಓಡುತ್ತದೆ.

ಬರೆಯಲು ಕುಳಿತಿದ್ದೇನೆ, ವೈರಿನ ಮಾತನ್ನೂ ಹೇಳಿ ಮುಗಿಸುತ್ತೇನೆ. ನನ್ನ ಅಂಗಡಿಗೆ ಸುಟ್ಟು ಬರುವ ಆರ್ಮೇಚರ್‌ಗಳಲ್ಲಿ (ಮೋಟರಿನೊಳಗೆ ತಿರುಗುವ ಭಾಗ) ಬಹಳಷ್ಟಕ್ಕೆ ಕಾರಣ ತೆಳು ಎಕ್ಸ್‌ಟೆನ್ಶನ್ ವೈರು ಮತ್ತು ಲೋ ವೋಲ್ಟೇಜು. 1400 ವ್ಯಾಟಿನ ಗರಗಸ ಸುಮಾರು 6 ಆಂಪಿಯರ್ ಎಳೆಯುತ್ತದೆ. 0.75 ಚದರ ಮಿ.ಮೀ. ವೈರು 30 ಮೀಟರ್ ಇದ್ದರೆ ವೈರಿನಲ್ಲೇ 9 ವೋಲ್ಟು ಹೋಗುತ್ತದೆ. ಶುರುವಾಗುವಾಗ ಅದರ ಎಷ್ಟೋ ಪಟ್ಟು. 2.5 ಚದರ ಮಿ.ಮೀ. ಹಾಕಿದರೆ 3 ವೋಲ್ಟಿನೊಳಗೆ ನಿಲ್ಲುತ್ತದೆ. ಹಳ್ಳಿಯಲ್ಲಿ ಮೊದಲೇ ಸಂಜೆ ಹೊತ್ತು 180-190 ಇರುತ್ತದೆ, ಅದರ ಮೇಲೆ ಇದು. ಮಿಷನ್ ಸೋಲುತ್ತದೆ, ನೀವು ಇನ್ನೂ ಒತ್ತುತ್ತೀರಿ, ಒಳಗೆ ವೈಂಡಿಂಗ್ ಬೇಯುತ್ತದೆ. ವೈರನ್ನು ಸುರುಳಿ ಸುತ್ತಿದ ಹಾಗೇ ಇಟ್ಟು ಓಡಿಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಕಾರ್ಬನ್ ಬ್ರಷ್ಷಿನ ಮೇಲೆ ಸವೆತದ ಗೆರೆ ಇರುತ್ತದೆ, ಅಲ್ಲಿಗೆ ಬಂದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಆದರೆ ಬ್ರಷ್ಷು, ಕಾಲೆಟ್ಟು, ಬ್ಲೇಡು ಮೂರರಲ್ಲೂ ನಕಲಿ ಓಡಾಡುತ್ತದೆ. ಬಿಲ್ಲು ಕೊಡುವ ಅಂಗಡಿಯಲ್ಲೇ ತಗೊಳ್ಳಿ. 18% ಜಿಎಸ್‌ಟಿ ಉಳಿಸಲು ಹೋಗಿ ವಾರಂಟಿ ಬಿಟ್ಟುಕೊಡಬೇಡಿ.

ಹುಬ್ಬಳ್ಳಿ_ಫರ್ನಿಚರ್

ಸರಿಯಾದ ಮಾತು. ದೊಡ್ಡ ಮಿಷನ್ ನೋಡಿ ತಗೋಬೇಕು ಅನ್ನುವವರಿಗೆ ಬೆಂಗಳೂರಿನ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ಇಂಡಿಯಾವುಡ್ ಅನ್ನುವ ಮರಗೆಲಸದ ಯಂತ್ರಗಳ ಮೇಳ ಆಗುತ್ತದೆ, 2024ರ ಫೆಬ್ರುವರಿಯಲ್ಲೂ ಆಗಿತ್ತು. ಅಲ್ಲಿ ಮಿಷನ್ ಓಡಿಸಿ ತೋರಿಸುತ್ತಾರೆ. ಕಲಿಯಬೇಕು ಅನ್ನುವವರಿಗೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ (ಐಡಬ್ಲ್ಯುಎಸ್‌ಟಿ) ಮರಗೆಲಸದ ಯಂತ್ರಗಳ ತರಬೇತಿ ಇದೆ, ವಿಚಾರಿಸಿರಿ. ದಿಮ್ಮಿ ಸೀಳುವ ಮಿಷನ್ ಕೂರಿಸುವ ಯೋಚನೆ ಇದ್ದವರು ಮಾತ್ರ ಮೊದಲು ಅರಣ್ಯ ಇಲಾಖೆಗೆ ಹೋಗಿ ಬನ್ನಿರಿ. ಸಾಮಿಲ್ಲಿಗೆ ಪರವಾನಗಿ ಇಲ್ಲದೆ ಆಗುವುದಿಲ್ಲ.

ಸೈಟ್_ಮೇಸ್ತ್ರಿ_ಬೆಂಗಳೂರು

ಅಳೆದು ನೋಡಿದೆ, ಬಿಟ್ಟಿನ ದಂಡ 6, ಕಾಲೆಟ್ 6.35. ನಾಳೆ ಕಾಲೆಟ್ ತರುತ್ತೇನೆ. ಇಬ್ಬರು ಹುಡುಗರ ಆಧಾರ್, ಪಾಸ್‌ಬುಕ್ಕು ಫೋಟೋ ತರಿಸಿದ್ದೇನೆ, ವಿಶ್ವಕರ್ಮ ಅರ್ಜಿಗೆ. ತಲೆಕೆಳಗು ಮೇಜಿನ ಬದಲು 10 ಇಂಚಿನ ಟೇಬಲ್ ಗರಗಸ ನೋಡುತ್ತಿದ್ದೇನೆ, ರೈವಿಂಗ್ ನೈಫ್ ಇರುವುದೇ. ನನ್ನ ಹತ್ತಿರ ಒಂದು ಒಳ್ಳೆಯ 60 ಹಲ್ಲಿನ ಬ್ಲೇಡು ಇದೆ, ಅದರ ತೂತು 30 ಮಿ.ಮೀ. ಗರಗಸದ ಶಾಫ್ಟು 25.4. ನಡುವೆ ರಿಂಗು ಹಾಕಿ ಓಡಿಸಬಹುದಾ? ಅಥವಾ ಬೇರೆ ಬ್ಲೇಡೇ ತರಬೇಕಾ?

ಹಾಸನ_ಕೀಸುಳಿ

ರಿಂಗು ಹಾಕಬಹುದು ಮೇಸ್ತ್ರಿ. ಆದರೆ ರಿಂಗಿನ ದಪ್ಪ ಬ್ಲೇಡಿನ ತಟ್ಟೆಗಿಂತ ಸ್ವಲ್ಪ ಕಡಿಮೆ ಇರಬೇಕು, ಜಾಸ್ತಿ ಇರಲೇಬಾರದು. ಜಾಸ್ತಿ ಇದ್ದರೆ ಬ್ಲೇಡನ್ನು ಎರಡು ಕಡೆಯಿಂದ ಒತ್ತುವ ಫ್ಲ್ಯಾಂಜು ಬಿಲ್ಲೆಗಳು ರಿಂಗನ್ನು ಹಿಡಿಯುತ್ತವೆ, ಬ್ಲೇಡು ಸಡಿಲ ಉಳಿಯುತ್ತದೆ. ರಿಂಗು ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಕೂರಬೇಕು, ಲೊಡಲೊಡ ಅನ್ನಬಾರದು. ಲೇತಿನವರ ಹತ್ತಿರ ಮಾಡಿಸುವುದಕ್ಕಿಂತ ಬ್ಲೇಡಿನ ಅಂಗಡಿಯಲ್ಲಿ ಸಿಗುವ ರೆಡಿ ರಿಂಗು ತಗೊಳ್ಳಿ.

ಬ್ಲೇಡಿನ ತಟ್ಟೆ ರೈವಿಂಗ್ ನೈಫಿಗಿಂತ ತೆಳು ಇರಬೇಕು, ಹಲ್ಲಿನ ಅಗಲ ನೈಫಿಗಿಂತ ಜಾಸ್ತಿ ಇರಬೇಕು. ನೈಫಿನ ಮೇಲೆ ಅಳತೆ ಬರೆದಿರುತ್ತಾರೆ, ಹೊಂದದಿದ್ದರೆ ಆ ಬ್ಲೇಡು ಬೇಡ. ಇನ್ನು 60 ಹಲ್ಲು ಪ್ಲೈವುಡ್ಡಿಗೆ ಸರಿ. ಗಟ್ಟಿ ಮರವನ್ನು ಉದ್ದಕ್ಕೆ ಸೀಳಲು ಅದನ್ನು ಹಾಕಬೇಡಿ, ಸುಟ್ಟ ಕಲೆ ಬೀಳುತ್ತದೆ. ಅದಕ್ಕೆ 24 ಹಲ್ಲಿನದು ಒಂದು ಬೇರೆ ತನ್ನಿ.